ಮರದ ಸಾಂದ್ರತೆ ನೋಡಲು ಅಡುಗೆಮನೆ ತಕ್ಕಡಿ: ಮೂರು ವರ್ಷ ಬಳಸಿದ ಮೇಲೆ

ತಕ್ಕಡಿ ನೀವೆಲ್ಲ ನೋಡಿರುವಂಥದ್ದೇ. 5 ಕಿಲೋವರೆಗೆ ತೂಗುತ್ತದೆ, ಒಂದೊಂದು ಗ್ರಾಂ ತೋರಿಸುತ್ತದೆ. ನಾನು ಅದರಲ್ಲಿ ತೂಗುವುದು ಮಾತ್ರ ಸಿಲ್ವರ್ ಮರ, ಅಂದರೆ ಸಿಲ್ವರ್ ಓಕ್.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ನೆರಳಿಗೂ ಆಯ್ತು, ಮೆಣಸು ಹಬ್ಬಿಸಲಿಕ್ಕೂ ಆಯ್ತು ಅಂತ ಅಪ್ಪನ ಕಾಲದಲ್ಲೇ ಸಿಲ್ವರ್ ಹಾಕಿದ್ದು. ಮೂರು ವರ್ಷದ ಹಿಂದೆ ಒಂದಷ್ಟು ಮರ ಕಡಿಸಿ, ಟನ್ ಲೆಕ್ಕದಲ್ಲಿ ಮಾತಾಡಿದೆ. ನಾಳೆ, ನಾಡಿದ್ದು ಅನ್ನುತ್ತಾ ಲಾರಿ ಬರಲು ಮೂರು ವಾರ ಆಯಿತು. ಫೆಬ್ರವರಿ ಬಿಸಿಲು ಬೇರೆ. ವೇಬ್ರಿಡ್ಜಿನಲ್ಲಿ ತೂಕ ನೋಡಿ ಎದೆ ಧಸಕ್ಕೆಂದಿತು. "ನಿಮ್ಮ ಮರನೇ ಹಗುರ ಗೌಡ್ರೇ" ಅಂದರು ವ್ಯಾಪಾರಿ. ಮರ ಹಗುರವೋ, ಇಲ್ಲಾ ನೀರು ಆರಿದ್ದೋ? ಅದನ್ನು ತಿಳಿಯಲೆಂದೇ ಈ ತಕ್ಕಡಿ ತಂದೆ.

ಈಗ ಮರ ಕಡಿದ ದಿನ ಸಂಜೆ ನನಗೆ ಇದೇ ಕೆಲಸ. ದಿಮ್ಮಿಯ ಬುಡ, ನಡು, ತುದಿಯಿಂದ ಎರಡು ಬೆರಳು ದಪ್ಪದ ಬಿಲ್ಲೆ ಕೊಯ್ಯಿಸುತ್ತೇನೆ. ಕತ್ತಿಯಲ್ಲಿ ಸೀಳಿ, ನಡುವಿನ ತಿರುಳಿನಿಂದ ತೊಗಟೆವರೆಗೆ ಹೋಳಿಗೆ ತುಂಡಿನ ಹಾಗೆ ಒಂದು ಚೂರು ತೆಗೆಯುತ್ತೇನೆ. ತೊಗಟೆ ಕೆತ್ತಿ, ಹೊಟ್ಟು ಒರೆಸಿ, ಪೆನ್ಸಿಲಿನಲ್ಲಿ ನಂಬರ್ ಬರೆದು ಹಸಿ ತೂಕ ಹಿಡಿಯುತ್ತೇನೆ. ಆಮೇಲೆ ತಕ್ಕಡಿ ಮೇಲೆ ನೀರು ತುಂಬಿದ ಸಣ್ಣ ಬಕೆಟ್ ಇಟ್ಟು ಸೊನ್ನೆ ಮಾಡುತ್ತೇನೆ. ಗೋಣಿಚೀಲ ಹೊಲಿಯುವ ದಬ್ಬಣವನ್ನು ಚೂರಿಗೆ ಚುಚ್ಚಿ, ತಳಕ್ಕೂ ಗೋಡೆಗೂ ತಾಗದ ಹಾಗೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಬೇಕು. ಅಂಟಿಕೊಂಡ ಗುಳ್ಳೆಗಳನ್ನು ಮೆಲ್ಲಗೆ ಅಲ್ಲಾಡಿಸಿ ಬಿಡಿಸಬೇಕು. ಆಗ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಚೂರಿನ ಗಾತ್ರ ಅಷ್ಟು ಸಿಸಿ. ಒಂದು ಸಿಸಿ ನೀರು ಒಂದು ಗ್ರಾಂ ಅಲ್ವಾ, ಅಷ್ಟೇ ಗುಟ್ಟು. ಮೊದಲ ಸಲ ಆ ಅಂಕಿ ನಿಂತಾಗ ಆದ ಖುಷಿ ಇವತ್ತಿಗೂ ಆಗುತ್ತದೆ.

ಇನ್ನು ಒಣಗಿಸುವುದು. ಪ್ರಯೋಗಾಲಯದಲ್ಲಿ 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸುತ್ತಾರೆ. ನಾನು ಮನೆಯ ಓವನ್ನಿನಲ್ಲಿ ಒಂದು ಥರ್ಮಾಮೀಟರ್ ಇಟ್ಟು ಅದನ್ನೇ ಮಾಡುತ್ತೇನೆ. ಒಣ ತೂಕವನ್ನು ಹಸಿ ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ನನ್ನ ಮೊದಲ ಚೂರು ಹಸಿಯಲ್ಲಿ 438 ಗ್ರಾಂ, ಗಾತ್ರ 452 ಸಿಸಿ, ಒಣಗಿದ ಮೇಲೆ 226 ಗ್ರಾಂ. ಅಂದರೆ 0.50. ಮರ ಹಗುರ ಏನಲ್ಲ! ಆದರೆ ಹಸಿ ತೂಕದಲ್ಲಿ 212 ಗ್ರಾಂ ಬರೀ ನೀರು. ಟನ್ನಿಗೆ ಲೆಕ್ಕ ಹಾಕಿದರೆ 484 ಕಿಲೋ. ಮೂರು ವಾರ ಬಿಸಿಲಲ್ಲಿ ಆರಿದ್ದು ಇದೇ ನೀರು.

ಇಷ್ಟು ಹೊಗಳಿದ ಮೇಲೆ ದೂರು ಹೇಳಲೇಬೇಕು. ಈ ತಕ್ಕಡಿ ತಾನೇ ಆಫ್ ಆಗುತ್ತದೆ. ಅಂಕಿ ಬದಲಾಗದೆ ಎರಡು ನಿಮಿಷ ಕಳೆದರೆ ಮುಗಿಯಿತು. ಬಕೆಟ್ ಇಟ್ಟು, ಸೊನ್ನೆ ಮಾಡಿ, ಚೂರಿಗೆ ದಬ್ಬಣ ಚುಚ್ಚುವಷ್ಟರಲ್ಲಿ ಪರದೆ ಕತ್ತಲು. ಚೂರು ಆಗಲೇ ನೀರಿಗೆ ಇಳಿದಿದ್ದರೆ ಇನ್ನೂ ಕಷ್ಟ. ಮತ್ತೆ ಆನ್ ಮಾಡಿದರೆ ಮೇಲಿರುವುದನ್ನೆಲ್ಲ ಸೇರಿಸಿ ಸೊನ್ನೆ ತೋರಿಸುತ್ತದೆ. ಮೊದಲ ವರ್ಷ ಎಷ್ಟು ಚೂರು ಎರಡೆರಡು ಸಲ ಮುಳುಗಿಸಿದೆನೋ! ಸೆಲ್ ಉಳಿಸಲು ಹೀಗೆ ಮಾಡಿದ್ದಾರಂತೆ, ಸರಿ. ಆದರೆ ಬೇಡ ಅನ್ನುವವರಿಗೆ ಒಂದು ಬಟನ್ ಕೊಡಬಹುದಿತ್ತು.

ಕೊನೆಗೆ ದಾರಿ ಬದಲಿಸಿದೆ. ಈಗ ಬಕೆಟ್ ಇಟ್ಟು ಸೊನ್ನೆ ಮಾಡುವುದಿಲ್ಲ. ಖಾಲಿ ತಕ್ಕಡಿ ಆನ್ ಮಾಡಿ, ನೀರಿನ ಬಕೆಟ್ ಇಟ್ಟು, ಆ ತೂಕವನ್ನು ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಚೂರು ಮುಳುಗಿಸಿದ ಮೇಲಿನ ತೂಕದಿಂದ ಅದನ್ನು ಕಳೆಯುತ್ತೇನೆ. ನಡುವೆ ಆಫ್ ಆದರೆ ಬಕೆಟ್ ಇಳಿಸಿ, ಆನ್ ಮಾಡಿ, ಮತ್ತೆ ಇಟ್ಟರೆ ಸಾಕು. ನೀರು, ಬಕೆಟ್, ಚೂರು ಎಲ್ಲ ಸೇರಿ 5 ಕಿಲೋ ದಾಟಬಾರದು, ಅದೊಂದು ನೆನಪಿರಲಿ.

ಎರಡು ಮುಳ್ಳು ಚುಚ್ಚುವ ತೇವದ ಮೀಟರನ್ನೂ ಕೊಂಡಿದ್ದೆ. ಹಲಗೆಗೆ ಒಳ್ಳೆಯದು. ತೇವ 30 ಪರ್ಸೆಂಟ್ ದಾಟಿದರೆ ಅದರ ಅಂಕಿ ನಂಬಲಾಗದು, ಹಸಿ ದಿಮ್ಮಿಗೆ ಸುಮ್ನೆ ದಂಡ. ಮರ ಕಡಿಯದೆ ಸಣ್ಣ ಕಡ್ಡಿಯಂತೆ ತಿರುಳು ಕೊರೆದು ತೆಗೆಯುವ ಸ್ವೀಡನ್ನಿನ ಬೈರಿಗೆಯೂ ಇದೆ, ನನ್ನ ಬಜೆಟ್ಟಿಗೆ ಜಾಸ್ತಿ. ಕಡಿದ ಮರಕ್ಕೆ ಅದು ಬೇಕಾಗಿಯೂ ಇಲ್ಲ.

ಕೊಳ್ಳುವವರಿಗೆ ನನ್ನ ಮಾತು ಇಷ್ಟು: ಆಟೋ ಆಫ್ ನಿಲ್ಲಿಸಲು ಬರುವಂಥದ್ದು ಸಿಕ್ಕರೆ ನೂರಿನ್ನೂರು ಜಾಸ್ತಿ ಕೊಟ್ಟಾದರೂ ಅದನ್ನೇ ತನ್ನಿ. ಸಿಗದಿದ್ದರೆ ಇದೇ ಸಾಕು. ಕಳೆದ ವರ್ಷ ನಾನು ಘನ ಅಡಿ ಲೆಕ್ಕದಲ್ಲೇ ಮಾತಾಡಿದೆ. ಲಾರಿ ಹನ್ನೊಂದು ದಿನ ತಡವಾಗಿ ಬಂತು. ಟೇಪು ಹಿಡಿದು ಅಳೆದೆವು, ಮೊದಲ ದಿನ ಬರೆದಿಟ್ಟ ಅಳತೆಯೇ ಬಂತು.