ರೇಕ್‌ಬ್ಯಾಕ್ ಕೊಡಿಸುವ ಅಫಿಲಿಯೇಟ್ ಜೊತೆ 14 ತಿಂಗಳು

ಪ್ರತಿ ತಿಂಗಳ 5ನೇ ತಾರೀಖು, ತಪ್ಪದೆ, ನನ್ನ ಪೋಕರ್ ಖಾತೆಗೆ ದುಡ್ಡು ಬೀಳುತ್ತಿತ್ತು. 14 ತಿಂಗಳಲ್ಲಿ ಒಂದು ಸಲವೂ ನಾನಾಗಿ ಕೇಳುವ ಪ್ರಮೇಯ ಬರಲಿಲ್ಲ. ಈ ಅಫಿಲಿಯೇಟ್, ಅಂದ್ರೆ ಪೋಕರ್ ಸೈಟ್‌ಗೆ ಆಟಗಾರರನ್ನು ಕರೆತರುವ ಮಧ್ಯವರ್ತಿ ಬಗ್ಗೆ ಮೊದಲು ಹೇಳಬೇಕಾದ ಒಳ್ಳೆ ಮಾತು ಇದೇ. ಹೆಸರು ಹೇಳುವುದಿಲ್ಲ. ಯಾಕಂದ್ರೆ ನನ್ನದೊಂದು ದೂರೂ ಇದೆ, ಅದರಲ್ಲಿ ಅವರ ಪಾಲು ಎಷ್ಟು, ಪೋಕರ್ ಸೈಟ್‌ನ ಪಾಲು ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಪೋಕರ್‌ನಲ್ಲಿ ನಾವು ಆಡೋದು ಬೇರೆ ಆಟಗಾರರ ಜೊತೆ. ಸೈಟ್‌ನ ಸಂಪಾದನೆ ಅಂದ್ರೆ ಪ್ರತಿ ಪಾಟ್‌ನಿಂದ, ಅಂದ್ರೆ ಒಂದು ಆಟದಲ್ಲಿ ಎಲ್ಲರೂ ಹಾಕಿದ ದುಡ್ಡಿನಿಂದ, ಅದು ಎತ್ತಿಕೊಳ್ಳುವ ರೇಕ್. ಸಾಮಾನ್ಯವಾಗಿ 5% ಆಸುಪಾಸು, ಜೊತೆಗೆ ಇದಕ್ಕಿಂತ ಜಾಸ್ತಿ ಇಲ್ಲ ಅಂತ ಒಂದು ಮಿತಿ. ಫ್ಲಾಪ್ (ಎಲ್ಲರಿಗೂ ಕಾಣುವಂತೆ ಇಡುವ ಮೊದಲ ಮೂರು ಎಲೆ) ಬರುವ ಮೊದಲೇ ಆಟ ಮುಗಿದರೆ ಹೆಚ್ಚಿನ ಕಡೆ ರೇಕ್ ಇರುವುದಿಲ್ಲ. ಹೊಸ ಆಟಗಾರರನ್ನು ಕರೆತಂದ ಅಫಿಲಿಯೇಟ್‌ಗೆ ಸೈಟ್ ಈ ರೇಕ್‌ನಲ್ಲಿ ಒಂದು ಪಾಲು ಕೊಡುತ್ತೆ. ಅಫಿಲಿಯೇಟ್ ತನ್ನ ಪಾಲಿನಲ್ಲಿ ದೊಡ್ಡ ಭಾಗವನ್ನು ನಮಗೇ ವಾಪಸ್ ಕೊಟ್ಟರೆ ಅದು ರೇಕ್‌ಬ್ಯಾಕ್. ನನಗೆ ಹೇಳಿದ್ದು 30%.

ಈ 30% ಯಾವುದರ ಮೇಲೆ ಅನ್ನೋದೇ ಮುಖ್ಯ. 40 ಡಾಲರ್ ಪಾಟ್ ಅಂತ ಇಟ್ಟುಕೊಳ್ಳಿ, ರೇಕ್ 2 ಡಾಲರ್. ಟೇಬಲ್‌ನಲ್ಲಿ ಆರು ಜನ. ಎಲೆ ಸಿಕ್ಕ ಎಲ್ಲರಿಗೂ ಸಮ ಹಂಚುವ ಪದ್ಧತಿ ಇದ್ದರೆ, ಒಂದು ಸೆಂಟೂ ಹಾಕದೆ ಎಲೆ ಎಸೆದವರ ಲೆಕ್ಕಕ್ಕೂ 33 ಸೆಂಟ್ ಬೀಳುತ್ತೆ. ಹಾಕಿದ ದುಡ್ಡಿನ ಪ್ರಮಾಣಕ್ಕೆ ಹಂಚುವ ಪದ್ಧತಿ ಇದ್ದರೆ, 16 ಡಾಲರ್ ಹಾಕಿದ ನನಗೆ 80 ಸೆಂಟ್, ಎಲೆ ಎಸೆದವರಿಗೆ ಸೊನ್ನೆ. ಕಾದು ಕೂತು, ಒಳ್ಳೆ ಎಲೆ ಬಂದಾಗ ಮಾತ್ರ ಆಡುವವರಿಗೆ ಮೊದಲ ಪದ್ಧತಿ ಲಾಭ. ನನ್ನ ಹಾಗೆ ಜಾಸ್ತಿ ಕೈ ಆಡುವವರಿಗೆ ಎರಡನೆಯದು. ಸೇರುವಾಗ ಈ ಒಂದು ಪ್ರಶ್ನೆ ಕೇಳಿದ್ದೆ, ಚಾಟ್‌ನಲ್ಲಿದ್ದವರು ಎರಡೇ ಸಾಲಿನಲ್ಲಿ ಸರಿಯಾಗಿ ಬಿಡಿಸಿ ಹೇಳಿದರು. ಅವತ್ತೇ ನನಗೆ ಅವರ ಮೇಲೆ ನಂಬಿಕೆ ಬಂತು.

ದೂರು ಬಂದದ್ದು ಮೂರನೇ ತಿಂಗಳು. ನನ್ನ ರೇಕ್ 412.60 ಡಾಲರ್. 30% ಅಂದ್ರೆ 123.78 ಬರಬೇಕು. ಬಂದಿದ್ದು 105.78. ಸರಿಯಾಗಿ 18 ಡಾಲರ್ ಕಡಿಮೆ. ವಿಚಾರಿಸಿದರೆ, ಆ ತಿಂಗಳು ಸೈಟ್ ನನಗೆ ಕೊಟ್ಟಿದ್ದ 60 ಡಾಲರ್ ಬೋನಸ್ಸನ್ನು ರೇಕ್‌ನಿಂದ ಮೊದಲೇ ಕಳೆದಿದ್ದಾರೆ. ಉಳಿದ 352.60ರ ಮೇಲೆ 30%. ನಿಯಮದಲ್ಲಿ ಇದು ಬರೆದಿತ್ತು, ಹೌದು. ಹೆಚ್ಚಿನ ಸೈಟ್‌ಗಳು ಹೀಗೇ ಮಾಡುತ್ತವೆ ಅನ್ನೋದೂ ನಿಜ. ಆದರೆ 30% ಅಂತ ದಪ್ಪಕ್ಷರದಲ್ಲಿ ಹಾಕಿದವರು, ಕಳೆಯುವ ಲೆಕ್ಕವನ್ನೂ ಅಷ್ಟೇ ದಪ್ಪಕ್ಷರದಲ್ಲಿ ಹಾಕಬೇಕಿತ್ತು. ಬೋನಸ್ ಅಂತ ಕೈಗೆ ಕೊಟ್ಟು, ಅದರಲ್ಲೇ ಒಂದು ಭಾಗ ಹಿಂದಿನಿಂದ ತೆಗೆದುಕೊಂಡರೆ ಅದು ಮೂಗಿಗೆ ತುಪ್ಪ ಸವರಿದ ಹಾಗೆ.

ಅವತ್ತಿನ ಮಾತುಕತೆಯಲ್ಲೇ ನಾನು ನೇರವಾಗಿ ಕೇಳಿದೆ, ನಿಮಗೆ ನನ್ನಿಂದ ಎಷ್ಟು ಸಿಗುತ್ತೆ ಅಂತ. ಅವರು ಮುಚ್ಚಿಡಲಿಲ್ಲ. "ಸರ್, ಸೈಟ್ ನಮಗೆ ಕೊಡೋದು 35%. ನಿಮಗೆ 30 ಹೋದರೆ ನಮಗೆ ಉಳಿಯೋದು 5." ಅಂದ್ರೆ ಆ ತಿಂಗಳು ನನ್ನಿಂದ ಅವರಿಗೆ 17.63 ಡಾಲರ್. ಇಷ್ಟರಲ್ಲೇ ಅವರು ಚಾಟ್‌ಗೆ ಉತ್ತರ ಕೊಡಬೇಕು, ಲೆಕ್ಕ ಇಡಬೇಕು, ಸೈಟ್ ತಡ ಮಾಡಿದರೆ ನನ್ನ ಪರವಾಗಿ ಬೆನ್ನು ಹತ್ತಬೇಕು. ಪಕ್ಕದ ಅಫಿಲಿಯೇಟ್ ಒಬ್ಬರು 32% ಕೊಡ್ತೀನಿ ಅಂದ್ರೆ ಇವರ ಗತಿ ಏನು? ಪೈಪೋಟಿಯಲ್ಲಿ ಎಲ್ಲರೂ ತಮ್ಮ ಪಾಲನ್ನೇ ಕೊಯ್ದು ಕೊಡುತ್ತಾ ಹೋಗುತ್ತಾರೆ. ಕೊನೆಗೆ ಉಳಿಯುವುದು ತುಂಬಾ ಆಡುವ ಆಟಗಾರರನ್ನು ರಾಶಿ ರಾಶಿ ಸೇರಿಸಿದವರು ಮಾತ್ರ. ಸುಮ್ನೆ ವಾರಕ್ಕೊಂದು ಗಂಟೆ ಆಡುವವನಿಂದ ಅವರಿಗೆ ಏನೂ ಗಿಟ್ಟುವುದಿಲ್ಲ. ಟೇಬಲ್ ಜೀವಂತವಾಗಿ ಇರೋದು ಮಾತ್ರ ಅಂಥವರಿಂದಲೇ ಅಲ್ವಾ?

ಇನ್ನು ನಿಷ್ಠೆಯ ವಿಷಯ. ಖಾತೆ ತೆರೆಯುವಾಗ ಯಾರ ಲಿಂಕ್‌ನಿಂದ ಬಂದಿರೋ ಅವರಿಗೇ ನಿಮ್ಮನ್ನು ಕಟ್ಟಿಹಾಕುತ್ತಾರೆ. ಮಧ್ಯದಲ್ಲಿ ಬದಲಾಯಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಜಾಸ್ತಿ ರೇಕ್‌ಬ್ಯಾಕ್ ಬೇಕಾದರೆ ಸೈಟನ್ನೇ ಬಿಡಬೇಕು. ಹಿಂದೆ ಫುಲ್ ಟಿಲ್ಟ್ ಪೋಕರ್ ಅನ್ನೋ ದೊಡ್ಡ ಸೈಟ್ ಇದ್ದ ಕಾಲದಲ್ಲಿ ಇದು ಸ್ಪಷ್ಟವಾಗಿ ಕಂಡಿತ್ತು. ಅಫಿಲಿಯೇಟ್ ಮೂಲಕ ಬಂದವರಿಗೆ 27%, ನೇರವಾಗಿ ಬಂದು ಖಾತೆ ತೆರೆದ ಹಳಬರಿಗೆ ಅದು ಇಲ್ಲ. ನಂಬಿ ಮೊದಲೇ ಬಂದವನಿಗೇ ನಷ್ಟ. ಅದೇ ಸೈಟ್‌ನಲ್ಲಿ 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಪೋಕರ್ ಸೈಟ್‌ಗಳ ಮೇಲೆ ಕ್ರಮ ಕೈಗೊಂಡ ನಂತರ ಆಟಗಾರರ ಅಸಲು ದುಡ್ಡೇ ಸಿಕ್ಕಿಹಾಕಿಕೊಂಡಿತು. ಆಗ ಆ 27% ಯಾರ ಕೈ ಹಿಡಿಯಿತು? ಪೋಕರ್‌ಸ್ಟಾರ್ಸ್ ಅನ್ನೋ ಇನ್ನೊಂದು ಸೈಟ್‌ನ ದಾರಿ ಬೇರೆ ಇತ್ತು. ಅಲ್ಲಿ ಪಾಯಿಂಟ್ಸ್. ವರ್ಷಕ್ಕೆ 10 ಲಕ್ಷ ಪಾಯಿಂಟ್ಸ್ ಮಾಡಿದರೆ ಸೂಪರ್‌ನೋವಾ ಎಲೈಟ್ ಅನ್ನೋ ಎಲ್ಲಕ್ಕಿಂತ ಮೇಲಿನ ದರ್ಜೆ ಸಿಗುತ್ತಿತ್ತು. 2015ರ ನವೆಂಬರ್‌ನಲ್ಲಿ, ಮುಂದಿನ ವರ್ಷದಿಂದ ಸೌಲಭ್ಯ ಕಡಿತ ಅಂತ ಹೇಳಿಬಿಟ್ಟರು. ಆ ಸೌಲಭ್ಯ ನಂಬಿ ವರ್ಷಪೂರ್ತಿ ಬೆವರು ಸುರಿಸಿದ್ದವರು ಡಿಸೆಂಬರ್ 1ರಿಂದ 3ರವರೆಗೆ ಆಟ ನಿಲ್ಲಿಸಿ ಪ್ರತಿಭಟನೆ ಮಾಡಿದರು. ಅವರ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತೆ.

ಯಾಕಂದ್ರೆ ನಾನೂ ಹಾಗೆ ಓಡಿದ್ದೇನೆ. ಸೈಟ್‌ನಲ್ಲಿ ಇನ್ನೊಂದು ಮೆಟ್ಟಿಲಿತ್ತು, ತಿಂಗಳಿಗೆ 500 ಡಾಲರ್ ರೇಕ್ ಮುಟ್ಟಿದರೆ ಆ ತಿಂಗಳಿಗೆ 33%. ಒಂಬತ್ತನೇ ತಿಂಗಳ 29ಕ್ಕೆ ನೋಡಿದರೆ ಇನ್ನು 37 ಡಾಲರ್ ಬಾಕಿ. ಎರಡು ರಾತ್ರಿ ನಿದ್ದೆಗೆಟ್ಟು ನಾಲ್ಕು ಟೇಬಲ್ ಇಟ್ಟು ಆಡಿದೆ. ಕಣ್ಣು ಎಲೆಗಳ ಮೇಲೆ ಇರಲಿಲ್ಲ, ರೇಕ್ ಎಷ್ಟಾಯ್ತು ಅಂತ ತೋರಿಸುವ ಪಟ್ಟಿಯ ಮೇಲಿತ್ತು. ಮುಟ್ಟಿದೆ. ಬೆಳಿಗ್ಗೆ ಖುಷಿಯಿಂದ ಲೆಕ್ಕದ ಹಾಳೆ ಹೆಂಡತಿಗೆ ತೋರಿಸಿದೆ. ಅವಳಿಗೆ ಪೋಕರ್ ಬರಲ್ಲ, ಲೆಕ್ಕ ಚೆನ್ನಾಗಿ ಬರುತ್ತೆ. ಹಾಳೆ ನೋಡಿ ಕೇಳಿದಳು, "ರೀ, 33 ಆಗಿದ್ದಕ್ಕೆ ಎಷ್ಟು ಜಾಸ್ತಿ ಬಂತು?"

"15 ಡಾಲರ್."

"ಈ ಎರಡು ರಾತ್ರಿ ಟೇಬಲ್‌ನಲ್ಲಿ ಹೋಗಿದ್ದು?"

90 ಡಾಲರ್. ಬಾಯಿ ಬಿಟ್ಟು ಹೇಳಲು ಆಗಲಿಲ್ಲ, ಬೆರಳಿಟ್ಟು ತೋರಿಸಿದೆ.

ಈಗ ಪೂರ್ತಿ ಲೆಕ್ಕ ನನ್ನ ಮುಂದಿದೆ. 14 ತಿಂಗಳಲ್ಲಿ ರೇಕ್‌ಬ್ಯಾಕ್ ಬಂದಿದ್ದು 1,587 ಡಾಲರ್. ಟೇಬಲ್‌ನಲ್ಲಿ ಸೋತಿದ್ದು 1,942. ಒಟ್ಟು ನಷ್ಟ 355. ರೇಕ್‌ಬ್ಯಾಕ್ ಇಲ್ಲದಿದ್ದರೆ ಎರಡನೇ ತಿಂಗಳಲ್ಲೇ ನಾನು ಸೋಲುತ್ತಿದ್ದೇನೆ ಅಂತ ಗೊತ್ತಾಗಿ ಎದ್ದು ಬರುತ್ತಿದ್ದೆ. 5ನೇ ತಾರೀಖಿನ ಆ ದುಡ್ಡು ನನ್ನ ಸೋಲನ್ನು ನನ್ನಿಂದಲೇ ಮರೆಮಾಡಿತು.

ಹಾಗಾದರೆ ಈ ಸೇವೆ ತಗೋಬಹುದಾ? ನೀವಿರುವ ಕಡೆ ಕಾನೂನು ಒಪ್ಪುತ್ತೆ, ರೇಕ್‌ಬ್ಯಾಕ್ ಬಿಟ್ಟು ನೋಡಿದರೂ ಗೆಲ್ಲುತ್ತಿದ್ದೀರಿ ಅಂದ್ರೆ ಧಾರಾಳವಾಗಿ ತಗೊಳ್ಳಿ. ಲೆಕ್ಕದಲ್ಲಿ ಅದಕ್ಕೊಂದು ಬೇರೆ ಸಾಲು ಇಡಿ, ಗೆಲುವಿನ ಸಾಲಿಗೆ ಸೇರಿಸಬೇಡಿ. ಸೋಲುತ್ತಿರುವವರು ದಯವಿಟ್ಟು ಬೇಡ. ಸಮಯಕ್ಕೆ ಪಾವತಿಗೆ ಇವರಿಗೆ ಐದಕ್ಕೆ ಐದು ಕೊಡ್ತೀನಿ, ಕೇಳಿದ್ದಕ್ಕೆ ಉತ್ತರ ಕೊಡುವುದಕ್ಕೆ ನಾಲ್ಕು, ಕಳೆಯುವ ಲೆಕ್ಕ ತೋರಿಸುವುದಕ್ಕೆ ಎರಡು.

ಬಿಡ್ತೀನಿ ಅಂತ ಬರೆದಾಗ ಅವರು ಹೊಸ ಆಮಿಷ ಏನೂ ಒಡ್ಡಲಿಲ್ಲ. "ಸರಿ ಸರ್, ಈ ತಿಂಗಳು ಆಡಿದ್ದು ಲೆಕ್ಕದಲ್ಲಿದೆ" ಅಂದರು. ಕೊನೆಯ ತಿಂಗಳು ನಾನು ಆಡಿದ್ದು ಬರೀ ಮೂರು ದಿನ. 5ನೇ ತಾರೀಖು 11.40 ಡಾಲರ್ ಬಂದಿತ್ತು.