ಬಾಸ್ ಮೀನಿಗೆ ಯಾವ ಲೂರ್? ಹಲವು ವರ್ಷ ಬಳಸಿದ ಮೇಲೆ ನನ್ನ ಡಬ್ಬಿಯಲ್ಲಿ ಉಳಿದವು

ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ಲೂರ್, ಅಂದರೆ ಮೀನನ್ನು ಮರುಳು ಮಾಡಿ ಗಾಳಕ್ಕೆ ಕೆಡವುವ ನಕಲಿ ಎರೆ, ಕೊಳ್ಳುವುದಾದರೆ ಐದು ಇಂಚಿನ ಮೆತ್ತನೆ ಪ್ಲಾಸ್ಟಿಕ್ ಹುಳ ಕೊಳ್ಳಿ. ಎರಡನೆಯದು ಯಾವುದು ಅನ್ನೋದನ್ನು ನೀವು ಹೋಗುವ ಕೆರೆಯ ನೀರೇ ಹೇಳುತ್ತದೆ. ಅಂಗಡಿಯಲ್ಲಿ ಗೋಡೆ ತುಂಬ ನೇತುಹಾಕಿರುವ ಮಿಕ್ಕ ನೂರಾರು ಬಗೆ ಇಲ್ಲದೆಯೂ ಆರಾಮಾಗಿ ಮೀನು ಹಿಡಿಯಬಹುದು.

ನಾನಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ, ಡಾಲಸ್ ಹತ್ತಿರ. ನಾನು ಹೋಗುವುದು ಸುತ್ತಲಿನ ಕೆರೆಗಳಿಗೆ: ಲೇಕ್ ಲೂಯಿಸ್‌ವಿಲ್, ರೇ ರಾಬರ್ಟ್ಸ್, ಬಡಾವಣೆಗಳ ಹಿಂದಿನ ಪುಟ್ಟ ಕೊಳಗಳು, ಆಗಾಗ ಲೇಕ್ ಫೋರ್ಕ್. ಬೋಟ್ ಇಲ್ಲ, ಎಲ್ಲಾ ದಡದಿಂದಲೇ. ಹಾಗಾಗಿ ಇದು ದಡದಲ್ಲಿ ನಿಂತು ಎಸೆಯುವವರಿಗಾಗಿ ಬರೆದದ್ದು. ಬೋಟು, ನೀರೊಳಗಿನ ಮೀನು ತೋರಿಸುವ ಸೋನಾರ್ ಇಟ್ಟುಕೊಂಡವರ ಲೆಕ್ಕವೇ ಬೇರೆ.

ಇಲ್ಲಿ ಬಾಸ್ ಅಂದರೆ ಲಾರ್ಜ್‌ಮೌತ್ ಬಾಸ್, ದೊಡ್ಡ ಬಾಯಿಯ ಸಿಹಿನೀರಿನ ಬೇಟೆಗಾರ ಮೀನು. ಇದು ಅಟ್ಟಿಸಿಕೊಂಡು ಹೋಗುವುದಕ್ಕಿಂತ ಹೊಂಚು ಹಾಕಿ ಕೂರುವುದೇ ಜಾಸ್ತಿ. ಮುಳುಗಿದ ಮರದ ಬುಡ, ಜೊಂಡಿನ ಅಂಚು, ಬೋಟ್ ಕಟ್ಟುವ ಕಟ್ಟೆಯ ನೆರಳು, ಇಂಥ ಕಡೆ ಸುಮ್ಮನೆ ನಿಂತಿರುತ್ತದೆ. ತಿನ್ನುವಂಥದ್ದು ಹತ್ತಿರ ಬಂದರೆ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ನೀರು ತಿಳಿಯಾಗಿದ್ದರೆ ಕಣ್ಣನ್ನು ನಂಬುತ್ತದೆ. ನೀರು ರಾಡಿಯಾದರೆ ಮೈಯ ಎರಡೂ ಬದಿಗೆ ಉದ್ದಕ್ಕೂ ಇರುವ ಗೆರೆಯಿಂದ ನೀರಿನ ಅದುರಾಟವನ್ನು ಹಿಡಿಯುತ್ತದೆ. ಲೂರ್ ಆರಿಸುವ ವಿದ್ಯೆಯ ಮುಕ್ಕಾಲು ಪಾಲು ಇಷ್ಟೇ: ಇವತ್ತು ಮೀನಿಗೆ ತೋರಿಸಬೇಕಾ, ಕೇಳಿಸಬೇಕಾ?

ಈಗ ಆ ಹುಳದ ಕಥೆ. ಗ್ಯಾರಿ ಯಮಮೊಟೊ ಕಂಪನಿಯ ಸೆಂಕೋ ಇದನ್ನು ಮನೆಮಾತು ಮಾಡಿದ್ದು. ಈಗ ಅದೇ ಆಕಾರದ್ದನ್ನು ಹತ್ತಾರು ಕಂಪನಿಗಳು ಮಾರುತ್ತವೆ. ನೋಡಲು ಏನೂ ಇಲ್ಲ. ಬಾಲವಿಲ್ಲ, ಕಾಲಿಲ್ಲ, ಬಾಲ್‌ಪೆನ್ ದಪ್ಪದ ಒಂದು ಕಡ್ಡಿ, ಅಷ್ಟೆ. ಪ್ಲಾಸ್ಟಿಕ್‌ಗೆ ಉಪ್ಪು ಬೆರೆಸಿರುವುದರಿಂದ ಬೇರೆ ತೂಕ ಕಟ್ಟದೆಯೇ ಮುಳುಗುತ್ತದೆ. ಹುಳದ ನಟ್ಟನಡುವೆ ಗಾಳ ಚುಚ್ಚಿ ಎಸೆದರೆ ಎರಡೂ ತುದಿ ಸಣ್ಣಗೆ ನಡುಗುತ್ತಾ ನಿಧಾನಕ್ಕೆ ಇಳಿಯುತ್ತದೆ. ಇದಕ್ಕೆ ವ್ಯಾಕಿ ರಿಗ್ ಅನ್ನುತ್ತಾರೆ. ನೀವು ಮಾಡಬೇಕಾದದ್ದು ಏನೂ ಇಲ್ಲ. ಎಳೆಯಬೇಡಿ, ಕುಲುಕಬೇಡಿ, ದಾರ ಸ್ವಲ್ಪ ಸಡಿಲ ಬಿಟ್ಟು ಅದು ನೀರನ್ನು ಮುಟ್ಟುವ ಜಾಗವನ್ನೇ ನೋಡುತ್ತಿರಿ. ಕಚ್ಚುವುದು ಬಹುಪಾಲು ಹುಳ ಇಳಿಯುವಾಗಲೇ. ಕೈಗೆ ಏನೂ ಗೊತ್ತಾಗುವುದಿಲ್ಲ. ದಾರ ಒಮ್ಮೆ ಟಿಕ್ ಅಂತ ಮಿಡಿಯುತ್ತದೆ, ಅಥವಾ ನೇರ ಇಳಿಯುತ್ತಿದ್ದದ್ದು ಮೆಲ್ಲಗೆ ಪಕ್ಕಕ್ಕೆ ಹೊರಡುತ್ತದೆ. ಆಗ ಸಡಿಲ ಸುತ್ತಿಕೊಂಡು ರಾಡ್ ಎತ್ತಿ ಎಳೆಯಿರಿ. ದಾರ ನೋಡುವ ಅಭ್ಯಾಸ ಒಂದು ಬಂದರೆ ಸಾಕು, ಹೊಸಬರಿಗೂ ಮೀನು ಸಿಗುತ್ತದೆ. ನನ್ನ ಅನುಭವದಲ್ಲಿ ಬೇರೆ ಯಾವ ಲೂರ್ ಕೂಡ ಇಷ್ಟು ಬೇಗ ಕಲಿಯಲು ಸಿಗುವುದಿಲ್ಲ.

ಇದರ ದೊಡ್ಡ ತೊಂದರೆ ಅಂದರೆ ಹರಿದುಹೋಗುವುದು. ಉಪ್ಪು ಜಾಸ್ತಿ ಬೆರೆಸಿದ ಪ್ಲಾಸ್ಟಿಕ್ ಬೇಗ ಹರಿಯುತ್ತದೆ. ಮೀನು ಎರಡು ಸಲ ತಲೆ ಕೊಡವಿದರೆ ಹುಳ ಹಾರಿ ಎಲ್ಲೋ ಬೀಳುತ್ತದೆ. ಹತ್ತು ಹುಳದ ಪ್ಯಾಕೆಟ್ಟಿಗೆ ಏಳೆಂಟು ಡಾಲರ್ ಕೊಟ್ಟವರಿಗೆ ಹೊಟ್ಟೆ ಉರಿಯದೆ ಇರುತ್ತಾ? ಪರಿಹಾರ ಸುಲಭ. ಹುಳದ ನಡುವಿಗೆ ಪುಟ್ಟ ರಬ್ಬರ್ ಓ-ರಿಂಗ್ ಹಾಕಿ ಗಾಳವನ್ನು ಅದರಡಿಯಲ್ಲಿ ತೂರಿಸಿ. ಎಷ್ಟೋ ಹೆಚ್ಚು ಬಾಳಿಕೆ ಬರುತ್ತದೆ. ತುದಿ ಹರಿದದ್ದನ್ನು ಎಸೆಯಬೇಡಿ, ಕತ್ತರಿಸಿ ಅರ್ಧ ಮಾಡಿ ಸಣ್ಣ ಜಿಗ್ ತಲೆಗೆ (ತಲೆಯಲ್ಲಿ ತೂಕವಿರುವ ಗಾಳಕ್ಕೆ) ಚುಚ್ಚಿದರೆ ನೆಡ್ ರಿಗ್ ಆಗುತ್ತದೆ. ಮೀನು ಮುಖ ತಿರುಗಿಸಿರುವ ದಿನ ಅದೇ ಕೈ ಹಿಡಿಯುವುದು. ಪೂರ್ತಿ ಹಾಳಾದದ್ದನ್ನು ಜೇಬಿಗೆ ಹಾಕಿಕೊಳ್ಳಿ, ನೀರಿಗೆ ಬಿಡಬೇಡಿ.

ಬಣ್ಣದ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನ್ನ ಬಳಿ ಎರಡೇ ಇರುವುದು: ಕಂದು ಬೆರೆತ ಹಸಿರಿನ ಗ್ರೀನ್ ಪಂಪ್‌ಕಿನ್, ಮತ್ತೆ ಕಪ್ಪು-ನೀಲಿ. ಲೂರನ್ನು ದಡದ ಪಕ್ಕ ನೀರಿಗೆ ಇಳಿಸಿ ನೋಡಿ. ಒಂದು ಅಡಿ ಆಳದೊಳಗೇ ಮರೆಯಾದರೆ ಕಪ್ಪು, ಇಲ್ಲದಿದ್ದರೆ ಹಸಿರು. ರಾಡಿ ನೀರಲ್ಲಿ ಗಾಢ ಬಣ್ಣದ ಆಕಾರ ಎದ್ದು ಕಾಣುತ್ತದೆ, ಅದಕ್ಕೆ.

ಹುಳ ಎಲ್ಲಿ ಸೋಲುತ್ತದೆ? ಗಾಳಿಯಲ್ಲಿ. ಉತ್ತರ ಟೆಕ್ಸಾಸ್‌ನ ವಸಂತದ ಗಾಳಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ದಾರ ಬಿಲ್ಲಿನ ಹಾಗೆ ಬಾಗಿ ಹುಳ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಅದೇ ಕಾಲಕ್ಕೆ ಮಳೆ ಬಂದು ಕೆರೆ ಕಂದಾಗಿರುತ್ತದೆ. ಆಗ ಸ್ಪಿನ್ನರ್‌ಬೇಟ್ ತೆಗೆಯಿರಿ. ಒಂದು ತಂತಿಯಲ್ಲಿ ಗಾಳ, ಇನ್ನೊಂದರಲ್ಲಿ ತಿರುಗುವ ತಗಡಿನ ಎಲೆ. ದುಂಡನೆಯ ಕೊಲರಾಡೊ ಎಲೆ ನೀರನ್ನು ಜೋರಾಗಿ ಬಡಿಯುತ್ತದೆ, ರಾಡಿಗೆ ಅದು. ಉದ್ದನೆಯ ವಿಲೋ ಎಲೆ ಹೆಚ್ಚು ಮಿಂಚುತ್ತದೆ, ತಿಳಿ ನೀರಿಗೆ ಅದು. ಗಾಳಿ ಬಡಿಯುವ ದಡಕ್ಕೇ ಹೋಗಿ ನಿಲ್ಲಿ. ಕೈಗೆ ಕಷ್ಟ, ಆದರೆ ಚಿಕ್ಕ ಮೀನುಗಳು ಅಲ್ಲಿಗೇ ತಳ್ಳಿಕೊಂಡು ಬರುತ್ತವೆ, ಬಾಸ್ ಹಿಂದೆಯೇ ಇರುತ್ತದೆ. ತಂತಿಯ ರಚನೆಯಿಂದಾಗಿ ಇದು ಕೊಂಬೆಗಳ ನಡುವೆ ಸಿಕ್ಕಿಕೊಳ್ಳುವುದೂ ಕಡಿಮೆ. ವರ್ಷಾನುಗಟ್ಟಲೆ ಬರುತ್ತದೆ, ಕೆಳಗಿನ ರಬ್ಬರ್ ಕುಚ್ಚು ಮಾತ್ರ ಬದಲಾಯಿಸಬೇಕು.

ಚಳಿಗಾಲದ ಕೊನೆಗೆ, ಮೊಟ್ಟೆ ಇಡುವ ಮುಂಚೆ, ಲಿಪ್‌ಲೆಸ್ ಕ್ರ್ಯಾಂಕ್‌ಬೇಟ್ ಅನ್ನುವ ಮೀನಿನಾಕಾರದ ಗಟ್ಟಿ ಲೂರ್. ಒಳಗೆ ಗುಂಡು ತುಂಬಿ ಗಿಲಿಗಿಲಿ ಅನ್ನುವ ರ‍್ಯಾಟ್-ಎಲ್-ಟ್ರ್ಯಾಪ್ ಈ ಜಾತಿಯ ಹಳೇ ಹೆಸರು. ಕೆಂಪು ಬಣ್ಣದ್ದನ್ನು ಮುಳುಗಿದ ಹುಲ್ಲಿನ ಮೇಲೆ ಎಳೆದು, ಸಿಕ್ಕಿದಾಗ ಫಟ್ ಅಂತ ಜಗ್ಗಿ ಬಿಡಿಸಬೇಕು. ಹಾಗೆ ಬಿಡಿಸಿದ ಕ್ಷಣಕ್ಕೇ ಎಷ್ಟೋ ಸಲ ಹೊಡೆತ ಬೀಳುತ್ತದೆ. ಮರಗಳಿರುವ ಕಡೆ ಮಾತ್ರ ಇದನ್ನು ಎಸೆಯಬೇಡಿ, ಮೂರು ಮುಳ್ಳಿನ ಗಾಳ ಎರಡಿವೆ. ಲೇಕ್ ಫೋರ್ಕ್ ತುಂಬ ನಿಂತಲ್ಲೇ ಸತ್ತ ಮರಗಳು. ಅಲ್ಲಿ ಇದು ದುಬಾರಿ ಹವ್ಯಾಸ. ಕೊರೆಯುವ ಚಳಿಗೆ ಜರ್ಕ್‌ಬೇಟ್ ಅನ್ನುವ ತೆಳ್ಳನೆಯ ಉದ್ದ ಮೀನಿನಾಕಾರದ ಲೂರ್ ಒಳ್ಳೆಯದು. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಎರಡು ಸಲ ಜಗ್ಗಿ, ಹತ್ತು ಎಣಿಸಿ, ಮತ್ತೆ ಜಗ್ಗಬೇಕು. ಕೆಲಸ ಮಾಡುತ್ತದೆ, ಆದರೆ ನನಗೆ ಬೇಜಾರು. ಆ ವಾರಗಳಲ್ಲಿ ನಾನು ಮನೆಯಲ್ಲೇ ಇರುತ್ತೇನೆ.

ಬೇಸಿಗೆ ಮಾತ್ರ ಕಪ್ಪೆಯದು. ಒಳಗೆ ಟೊಳ್ಳಿರುವ ರಬ್ಬರ್ ಕಪ್ಪೆ, ಎರಡು ಗಾಳವೂ ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರುತ್ತವೆ. ಹಾಗಾಗಿ ಪಾಚಿ, ತಾವರೆ ಎಲೆ ಎಲ್ಲದರ ಮೇಲೂ ಜಾರುತ್ತದೆ. ಬೆಳಗಿನ ಹೊತ್ತು ಪಾಚಿ ಒಡೆದುಕೊಂಡು ಮೀನು ಮೇಲೆ ಬರುವುದನ್ನು ನೋಡಿದ ಮೇಲೆ ಬೇರೆ ಲೂರ್ ಎಲ್ಲಾ ಸಪ್ಪೆ. ಆ ಸದ್ದಿಗೆ ಬೆಚ್ಚಿ ತಕ್ಷಣ ಎಳೆದರೆ ಕಪ್ಪೆ ಬರಿಗೈಲಿ ವಾಪಸ್ ಬರುತ್ತದೆ. ಒಂದು, ಎರಡು ಎಣಿಸಿ, ತೂಕ ಕೈಗೆ ಸಿಕ್ಕ ಮೇಲೆ ಎಳೆಯಬೇಕು. 50 ಪೌಂಡ್ ಎಳೆತ ತಡೆಯುವ ಹೆಣೆದ ದಾರ ಬೇಕೇ ಬೇಕು, ಇಲ್ಲವಾದರೆ ಮೀನನ್ನು ಪಾಚಿಯಿಂದ ಹೊರಗೆ ತರಲಾಗುವುದಿಲ್ಲ. ಅಂದಹಾಗೆ, ಇದೇ ಕಪ್ಪೆ ನಮ್ಮ ಕಡೆ ಹಾವಿನಂಥ ತಲೆಯ ಮುರ್ರೆಲ್ ಮೀನಿಗೂ ನಡೆಯುತ್ತದೆ. ಊರಿಗೆ ಹೋಗುವಾಗ ಸೂಟ್‌ಕೇಸಿಗೆ ಹಾಕಿಕೊಂಡು ಹೋಗುವ ಗೆಳೆಯರಿದ್ದಾರೆ.

ಕೊಳ್ಳಬಾರದ್ದೂ ಒಂದಿದೆ. ಆನ್‌ಲೈನ್‌ನಲ್ಲಿ ಸಿಗುವ "ನೂರು ಐಟಂ" ಕಿಟ್. ಹೆಸರು ಹೇಳುವುದಿಲ್ಲ, ಎಲ್ಲಾ ಒಂದೇ ಥರ ಇವೆ. ಎಣಿಸಿದರೆ ನೂರು ಸರಿ ಇರುತ್ತದೆ, ಅದರಲ್ಲಿ ಬಹುಪಾಲು ದಾರಕ್ಕೆ ಕಟ್ಟುವ ತಿರುಗು ಕೊಂಡಿ (ಸ್ವಿವೆಲ್), ಮಣಿ, ತಲೆಬುಡವಿಲ್ಲದ ಸಣ್ಣ ಹುಳ. ನನಗೆ ಬಂದ ಕ್ರ್ಯಾಂಕ್‌ಬೇಟ್‌ಗಳಲ್ಲಿ ಕೆಲವು ನೆಟ್ಟಗೆ ಈಜದೆ ಪಲ್ಟಿ ಹೊಡೆಯುತ್ತಿದ್ದವು. ಗಾಳಗಳಂತೂ ಮರಕ್ಕೆ ಸಿಕ್ಕಿದಾಗ ಎಳೆದರೆ ನೆಟ್ಟಗಾಗಿಬಿಡುತ್ತಿದ್ದವು. ಅದೇ ದುಡ್ಡಿಗೆ ಎರಡು ಪ್ಯಾಕೆಟ್ ಒಳ್ಳೆ ಹುಳ, ಓ-ರಿಂಗ್, ಒಂದು ಸ್ಪಿನ್ನರ್‌ಬೇಟ್ ಬರುತ್ತವೆ.

ಹೊಸದಾಗಿ ಬಂದವರಿಗೆ ಕಾನೂನಿನ ಮಾತು. 17 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು. ಆದರೆ ಟೆಕ್ಸಾಸ್‌ನ ಸ್ಟೇಟ್ ಪಾರ್ಕ್‌ಗಳ ಒಳಗೆ ದಡದಿಂದ ಹಿಡಿಯುವುದಕ್ಕೆ ಲೈಸೆನ್ಸ್ ಬೇಡ. ಊರಿಂದ ಬಂದ ಅಪ್ಪ-ಅಮ್ಮನ ಕೈಗೆ ರಾಡ್ ಕೊಡಬೇಕಾ, ರೇ ರಾಬರ್ಟ್ಸ್ ಪಾರ್ಕಿಗೆ ಕರೆದುಕೊಂಡು ಹೋಗಿ. ರಾಜ್ಯದ ಸಾಮಾನ್ಯ ನಿಯಮದಂತೆ 14 ಇಂಚಿಗಿಂತ ಚಿಕ್ಕ ಲಾರ್ಜ್‌ಮೌತ್ ಇಟ್ಟುಕೊಳ್ಳುವಂತಿಲ್ಲ, ದಿನಕ್ಕೆ ಐದೇ. ಕೆಲವು ಕೆರೆಗಳಿಗೆ ಬೇರೆಯೇ ನಿಯಮ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನದನ್ನು ಬಿಟ್ಟುಬಿಡಲೇಬೇಕು. ಈ ಬಿಗಿ ಸುಮ್ನೆ ಅಲ್ಲ. ರಾಜ್ಯದ ದಾಖಲೆಯ 18.18 ಪೌಂಡಿನ, ಅಂದರೆ ಎಂಟು ಕಿಲೋ ದಾಟಿದ ಬಾಸ್ 1992ರಲ್ಲಿ ಸಿಕ್ಕಿದ್ದು ಇದೇ ಕೆರೆಯಲ್ಲಿ. ಬಿಡುವಾಗ ಕೈ ಒದ್ದೆ ಮಾಡಿಕೊಂಡು ಮುಟ್ಟಿ, ದೊಡ್ಡ ಮೀನಾದರೆ ಬರೀ ದವಡೆ ಹಿಡಿದು ಅಡ್ಡ ಎತ್ತಬೇಡಿ, ಹೊಟ್ಟೆಯ ಕೆಳಗೂ ಕೈ ಕೊಡಿ.

ಕೊನೆಗೆ ಡಬ್ಬಿ ಇಡುವ ಬಗ್ಗೆ. ಮೆತ್ತನೆ ಹುಳಗಳನ್ನು ಅವುಗಳ ಪ್ಯಾಕೆಟ್ಟಿನಲ್ಲೇ ಇಡಿ. ಗಟ್ಟಿ ಪ್ಲಾಸ್ಟಿಕ್ ಲೂರ್‌ಗಳ ಜೊತೆ ಸೇರಿಸಿದರೆ ಒಂದನ್ನೊಂದು ಕರಗಿಸಿ ಬಣ್ಣವೆಲ್ಲ ಅಂಟಿಕೊಳ್ಳುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕಾರಿನ ಡಿಕ್ಕಿಯಲ್ಲಂತೂ ಬಿಡಲೇಬೇಡಿ. ಬಿಸಿಗೆ ಬಗ್ಗಿದ ಹುಳ ಆಮೇಲೆ ನೆಟ್ಟಗಾಗುವುದಿಲ್ಲ, ಎಸೆದರೆ ಸುರುಳಿ ಸುತ್ತುತ್ತಾ ಇಳಿಯುತ್ತದೆ, ದಾರವೂ ಹುರಿಗಟ್ಟುತ್ತದೆ. ಮನೆಯೊಳಗೇ ಇಟ್ಟುಕೊಳ್ಳಿ. ವಾಸನೆ ಅಂತ ಮನೆಯವರು ಗೊಣಗಿದರೆ ಜಿಪ್‌ಲಾಕ್ ಚೀಲ ಸಾಕು.