ಸೋರಿಕೆ ಹುಡುಕುವ ಕೈಪಂಪು: ಮೂರು ಮಳೆಗಾಲ ಬಳಸಿದ ಮೇಲೆ

ನಮ್ಮದು 2007ರ ಸಣ್ಣ ಪೆಟ್ರೋಲ್ ಕಾರು. ಸೆಕೆಂಡ್ ಹ್ಯಾಂಡ್. ಆದರೆ ಈ ವಿಮರ್ಶೆ ಕಾರಿನದಲ್ಲ, ಅದರ ದೆಸೆಯಿಂದ ತರಿಸಿಕೊಂಡ ರೇಡಿಯೇಟರ್ ಪ್ರೆಶರ್ ಟೆಸ್ಟರಿನದು, ಅಂದರೆ ಇಂಜಿನ್ ತಣಿಸುವ ನೀರು ಎಲ್ಲಾದರೂ ಸೋರುತ್ತಿದೆಯೇ ಅಂತ ಒತ್ತಡ ಹಾಕಿ ನೋಡುವ ಸಾಮಾನಿನದು. ಹೆಸರು ದೊಡ್ಡದು, ಸಾಮಾನು ಸರಳ. ಸೈಕಲ್ಲಿಗೆ ಗಾಳಿ ಹೊಡೆಯುವಂಥ ಒಂದು ಕೈಪಂಪು, ಅದರ ಮೇಲೊಂದು ಗೇಜು, ಒಂದು ಹೋಸು, ರೇಡಿಯೇಟರ್ ಕ್ಯಾಪಿನ ಜಾಗದಲ್ಲಿ ಕೂರಿಸುವ ಅಡಾಪ್ಟರುಗಳು. 2,650 ರೂಪಾಯಿ ಬಿತ್ತು. ಡಬ್ಬಿಯೊಳಗೆ ಏನೇನಿರುತ್ತದೆ ಅಂತ ಮಾರುವವರ ಫೋಟೋದಲ್ಲೇ ಕಾಣುತ್ತದೆ, ಅದನ್ನೆಲ್ಲ ಬರೆಯಲು ಹೋಗುವುದಿಲ್ಲ.

ಯಾಕೆ ಬೇಕಾಯಿತು ಅಂದರೆ, ನಮ್ಮ ಮನೆ ಇರುವುದು ಶಿರಸಿಯ ಹತ್ತಿರದ ಹಳ್ಳಿಯಲ್ಲಿ, ತಂಗಿಯ ಮನೆ ಕುಮಟಾದಲ್ಲಿ. ಶಿರಸಿಯಿಂದ ಸುಮಾರು 60 ಕಿಲೋಮೀಟರ್, ಮಧ್ಯೆ ದೇವಿಮನೆ ಘಟ್ಟ. ಇಳಿಯುವಾಗ ಕಾರು ಪಾಪದ ಹಸು. ಹತ್ತುವಾಗ ಮಾತ್ರ ಅರ್ಧ ಘಟ್ಟಕ್ಕೆ ಟೆಂಪರೇಚರ್ ಮುಳ್ಳು ಮೇಲೇಳಲು ಶುರು. ಏಸಿ ಬಂದ್ ಮಾಡಿ, ಏಪ್ರಿಲ್ ಸೆಕೆಯಲ್ಲಿ ಹೀಟರ್ ಫುಲ್ ಇಟ್ಟು, ಗಾಜು ಇಳಿಸಿ, ಬೆವರು ಒರೆಸಿಕೊಳ್ಳುತ್ತ ಹತ್ತಿದ್ದೇವೆ. ಹೀಟರ್ ಹಾಕಿದರೆ ಇಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಬರುತ್ತದೆ, ಮುಳ್ಳು ಒಂದು ಕೂದಲಷ್ಟು ಇಳಿಯುತ್ತದೆ. ಹಿಂದೆ ಕೂತ ಆಯಿಗೆ ಇದನ್ನು ವಿವರಿಸುವುದು ಮಾತ್ರ ನನ್ನಿಂದ ಆಗಲಿಲ್ಲ.

ಆಮೇಲೆ ಶುರುವಾಯಿತು ನನ್ನ ಬೆಳಗಿನ ವ್ರತ. ಎದ್ದು, ಕಷಾಯದ ಲೋಟ ಹಿಡಿದುಕೊಂಡು, ಕೊಟ್ಟಿಗೆ ಪಕ್ಕದ ಶೆಡ್ಡಿಗೆ ಹೋಗುವುದು. ಬಾನೆಟ್ ಎತ್ತುವುದು. ರಿಸರ್ವ್ ಡಬ್ಬಿಗೆ ಹಿಂದಿನಿಂದ ಟಾರ್ಚ್ ಹಿಡಿದರೆ ಒಳಗಿನ ಹಸಿರು ನೀರು, ಅಂದರೆ ಇಂಜಿನ್ ತಣಿಸುವ ಕೂಲೆಂಟ್, ಎಲ್ಲಿಯವರೆಗಿದೆ ಅಂತ ಚಂದ ಕಾಣುತ್ತದೆ. ಅಲ್ಲಿಗೊಂದು ಮಾರ್ಕರ್ ಗೆರೆ. ಮರುದಿನ ಮತ್ತೆ ನೋಡುವುದು. "ನಿನ್ನ ಎಮ್ಮೆ ಇವತ್ತು ಎಷ್ಟು ನೀರು ಕುಡೀತೋ?" ಅಂತ ಆಯಿ ಒಳಗಿಂದ ಕೇಳುತ್ತಿದ್ದಳು. ಒಂದು ತಿಂಗಳು ಗೆರೆ ಹೆಚ್ಚುಕಡಿಮೆ ಅಲ್ಲೇ ಇತ್ತು. ನಾನೂ ನಂಬಿದೆ. ಒಂದು ದಿನ ಇಂಜಿನ್ ತಣ್ಣಗಿದ್ದಾಗ ಸುಮ್ನೆ ರೇಡಿಯೇಟರ್ ಕ್ಯಾಪ್ ತೆಗೆದು ನೋಡಿದರೆ, ಬೆರಳು ಹಾಕಿದರೂ ನೀರು ಸಿಗಲಿಲ್ಲ!

ಡಬ್ಬಿ ಸುಳ್ಳು ಹೇಳಿದ್ದಲ್ಲ. ಇಂಜಿನ್ ಬಿಸಿಯಾದಾಗ ಹೆಚ್ಚಾದ ಕೂಲೆಂಟ್ ಕ್ಯಾಪ್ ದಾಟಿ ಡಬ್ಬಿಗೆ ಬರುತ್ತದೆ. ತಣಿಯುವಾಗ ರೇಡಿಯೇಟರ್ ಅದನ್ನು ವಾಪಸ್ ಎಳೆದುಕೊಳ್ಳಬೇಕು. ಎಲ್ಲಾದರೂ ತೂತಿದ್ದರೆ ನೀರಿನ ಬದಲು ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಡಬ್ಬಿ ತುಂಬಿದ ಹಾಗೇ, ರೇಡಿಯೇಟರ್ ಖಾಲಿ. ಡಬ್ಬಿಯನ್ನೇ ನೋಡಿ ನಿಶ್ಚಿಂತೆಯಿಂದ ಇರುವವರು ಇದನ್ನು ಇನ್ನೊಮ್ಮೆ ಓದಿ.

ಗ್ಯಾರೇಜಿನ ಕಥೆ ಚಿಕ್ಕದು. ಮೊದಲನೆಯ ಕಡೆ ಬಾಟಲಿಯಲ್ಲಿ ಬಾವಿ ನೀರು ಹೊಯ್ದು ಕಳಿಸಿದರು. ಎರಡನೆಯ ಕಡೆ ಎದುರಿಗೆ ಕಂಡ ಎರಡು ಹೋಸ್ ಕ್ಲಿಪ್ ಬದಲಿಸಿದರು. ಮೂರನೆಯವರು ಇಂಜಿನ್ನಿನ ಮೇಲೆ ಕೈ ಇಟ್ಟು, "ಹೆಡ್ ಗ್ಯಾಸ್ಕೆಟ್ ಹೋಗಿದೆ ಹೆಗಡೇರೇ, ಬಿಚ್ಚಲೇಬೇಕು" ಅಂದರು. 18 ಸಾವಿರದ ಅಂದಾಜು. ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ನಿನೊಳಗೆ ನೀರು ಸೋರದಂತೆ ತಡೆಯುವ ಪಟ್ಟಿ. ಅದು ಹೋಗಿದ್ದರೆ ಸಾಮಾನ್ಯವಾಗಿ ಕಾಣುವ ಲಕ್ಷಣ ಯಾವುದೂ ಇರಲಿಲ್ಲ: ಆಯಿಲ್ ಸ್ಟಿಕ್ಕಿನಲ್ಲಿ ಹಾಲು ಬೆರೆಸಿದಂಥ ಬಣ್ಣ ಇಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. ಆ ವರ್ಷ ಅಡಿಕೆಗೆ ಕೊಳೆ ಬೇರೆ ಬಂದಿತ್ತು. 18 ಸಾವಿರ ಕೊಡುವ ಮೊದಲು 2,650 ಹೋದರೆ ಹೋಗಲಿ ಅಂತ ಟೆಸ್ಟರ್ ತರಿಸಿದೆ.

ಟೆಸ್ಟರ್ ಬಂದ ದಿನ ಸಂಜೆಯೇ ಕೂತೆ. ಇಂಜಿನ್ ಪೂರ್ತಿ ತಣ್ಣಗೆ. ರೇಡಿಯೇಟರ್ ಕಂಠದವರೆಗೆ ತುಂಬಿಸಿ, ಅಡಾಪ್ಟರ್ ತಿರುಪಿ, ಪಂಪು ಹೊಡೆದೆ. ನಮ್ಮ ಕ್ಯಾಪಿನ ಮೇಲೆ 0.9 ಅಂತ ಬರೆದಿದೆ, ಅಂದರೆ ಅದು ತಡೆಯುವ ಒತ್ತಡ 0.9 ಬಾರ್. ಅದಕ್ಕಿಂತ ಜಾಸ್ತಿ ಹೊಡೆಯಬಾರದು, ಹಳೆ ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಸೀಳಿಹೋದೀತು. ಈ ಒತ್ತಡಕ್ಕೂ ಘಟ್ಟಕ್ಕೂ ಸಂಬಂಧ ಇದೆ. ಅರ್ಧ ನೀರು ಅರ್ಧ ಕೂಲೆಂಟ್ ತೆರೆದ ಪಾತ್ರೆಯಲ್ಲಾದರೆ 107 ಡಿಗ್ರಿ ಹತ್ತಿರ ಕುದಿಯುತ್ತದೆ. ಕ್ಯಾಪಿನ ಒತ್ತಡ ನಿಂತರೆ 120 ದಾಟಿದರೂ ಕುದಿಯುವುದಿಲ್ಲ. ತೂತಿದ್ದರೆ ಒತ್ತಡವೇ ನಿಲ್ಲುವುದಿಲ್ಲವಲ್ಲ, ನೀರೂ ಕಡಿಮೆ, ಘಟ್ಟದಲ್ಲಿ ಪಾಪ ಅದು ಏನು ಮಾಡೀತು?

ಹತ್ತು ನಿಮಿಷದಲ್ಲಿ ಗೇಜಿನ ಮುಳ್ಳು 0.9ರಿಂದ 0.6ಕ್ಕೆ ಇಳಿಯಿತು, ಅಂದರೆ ಎಲ್ಲೋ ಸೋರುತ್ತಿದೆ. ಕೆಳಗೆ ನೋಡಿದರೆ ನೆಲ ಒಣ ಒಣ. ಮತ್ತೆ ಹೊಡೆದೆ, ಮತ್ತೆ ಇಳಿಯಿತು. ರೇಡಿಯೇಟರ್ ಕೆಳಭಾಗ ಸವರಿದೆ, ವಾಟರ್ ಪಂಪಿನ ಸಣ್ಣ ತೂತಿಗೆ ಕಡ್ಡಿ ತಾಗಿಸಿದೆ, ಕಾರಿನೊಳಗೆ ಕಾಲಡಿಯ ಕಾರ್ಪೆಟ್ ಮುಟ್ಟಿದೆ. ಎಲ್ಲ ಒಣ. ಕೊನೆಗೆ ಬಚ್ಚಲುಮನೆಯ ಶೇವಿಂಗ್ ಕನ್ನಡಿ ತಂದು ಇಂಜಿನ್ನಿನ ಹಿಂದೆ, ಕೈ ಹೋಗದ ಸಂದಿಯಲ್ಲಿ ಹಿಡಿದೆ. ಹೀಟರಿಗೆ ಹೋಗುವ ಹೋಸು ಕಬ್ಬಿಣದ ಪೈಪಿಗೆ ಸೇರುವಲ್ಲಿ, ಕ್ಲಿಪ್ಪಿನ ಅಡಿಗೆ, ಒಂದು ಹಸಿರು ಹನಿ. ಸಾಸಿವೆ ಕಾಳಿನಷ್ಟಿತ್ತು. ನೋಡುತ್ತಿದ್ದ ಹಾಗೆ ಉದ್ದಿನ ಕಾಳಿನಷ್ಟಾಯಿತು. ಬೀಳಲಿಲ್ಲ. ಪೈಪಿನ ಹೊಟ್ಟೆಯ ಗುಂಟ ಹರಿದು ಇಂಜಿನ್ ಮೈಗೆ ಇಳಿಯಿತು, ಅಲ್ಲಿ ಉಪ್ಪು ಒಣಗಿದಂಥ ಬಿಳಿ ಕಲೆ. ಇಂಜಿನ್ ಬಿಸಿಯಿದ್ದಾಗ ಆ ಹನಿ ಅಲ್ಲೇ ಆವಿ. ಅದಕ್ಕೇ ಶೆಡ್ಡಿನ ನೆಲದಲ್ಲಿ ಒಂದು ದಿನವೂ ಕಲೆ ಕಂಡಿರಲಿಲ್ಲ. "ಸಿಕ್ತು, ಸಿಕ್ತು" ಅಂತ ಕೂಗಿದ್ದಕ್ಕೆ ಆಯಿ ಹಾವು ಅಂದುಕೊಂಡು ದೊಣ್ಣೆ ತಂದಳು.

ಹೋಸು 280 ರೂಪಾಯಿ, ಕ್ಲಿಪ್ಪು ಬೇರೆ. ಬಿಚ್ಚಿ ಹಾಕಿದ್ದು ನಾನೇ, ಗೆಣ್ಣಿನ ಚರ್ಮ ಎರಡು ಕಡೆ ಹೋಯಿತು. ಬಾವಿ ನೀರು ಪೂರಾ ಇಳಿಸಿ, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಸಮ ಬೆರೆಸಿ ಹೊಯ್ದೆ. ಗಾಳಿ ತೆಗೆಯುವುದಕ್ಕೆ ಕಾರನ್ನು ಅಂಗಳದ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ತಣ್ಣಗಿರುವಾಗಲೇ ಕ್ಯಾಪ್ ತೆಗೆದಿಟ್ಟು ಇಂಜಿನ್ ಶುರು ಮಾಡಿ, ಹೀಟರ್ ಹಾಕಿ ಬಿಟ್ಟೆ. ಗುಳುಗುಳು ಅಂತ ಗುಳ್ಳೆ ಬರುತ್ತಲೇ ಇತ್ತು. ಅದನ್ನು ನೋಡುತ್ತ ಕೂರುವುದು ಒಂದು ಸುಖ, ಯಾರು ಏನೇ ಹೇಳಲಿ. ಇಳಿಸಿದ ಹಳೆ ನೀರನ್ನು ಮಾತ್ರ ಅಂಗಳದಲ್ಲಿ ಬಿಡಬೇಡಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಮತ್ತು ಅದು ವಿಷ.

ಇಲ್ಲಿಗೆ ನಿಲ್ಲಿಸಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ.

ಎರಡನೇ ಮಳೆಗಾಲ ಮುಗಿದ ಮೇಲೆ, ದೀಪಾವಳಿಗೆ ತಂಗಿ ಮನೆಗೆ ಹೊರಡುವ ಮೊದಲು ಸುಮ್ನೆ ಒಮ್ಮೆ ಪರೀಕ್ಷೆ ಮಾಡೋಣ ಅಂತ ಪಂಪು ಹೊಡೆದೆ. ಮುಳ್ಳು ಸರ್ರನೆ ಇಳಿಯಿತು. ಎರಡು ದಿನ ಹುಡುಕಿದೆ. ಕನ್ನಡಿ, ಟಾರ್ಚು, ಕಾರ್ಪೆಟ್ಟು, ಎಲ್ಲ ಆಯಿತು. ಹೊರಗೆಲ್ಲೂ ಸೋರದೆ ಮುಳ್ಳು ಇಳಿದರೆ ಇಂಜಿನ್ ಒಳಗೇ ಸೋರುತ್ತಿರಬಹುದು ಅನ್ನುವುದು ನಿಜ, ಅದಕ್ಕೇ ಹೆದರಿಕೆಯಾಗಿ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ಒಣ. ಸರಿಯಿದ್ದ ಥರ್ಮೋಸ್ಟಾಟ್ ಗ್ಯಾಸ್ಕೆಟ್ಟನ್ನೂ ಬಿಚ್ಚಿ ಬದಲಿಸಿದೆ. ಮೂರನೇ ದಿನ ಸಂಜೆ ಪಾತ್ರೆ ತೊಳೆಯುವ ಸೋಪಿನ ನೊರೆಯನ್ನು ಸಿಟ್ಟಿನಲ್ಲಿ ಟೆಸ್ಟರಿಗೇ ಬಳಿದರೆ, ಅದರ ಹೋಸು ಅಡಾಪ್ಟರಿಗೆ ಸಿಕ್ಕಿಸುವ ಜಾಗದಲ್ಲಿ ಪುಳಪುಳ ಗುಳ್ಳೆ! ಸೋರಿಕೆ ಹುಡುಕುವ ಪಂಪೇ ಸೋರುತ್ತಿತ್ತು. ಒಳಗಿನ ಓ-ರಿಂಗ್, ಅಂದರೆ ರಬ್ಬರ್ ಬಳೆ, ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

ಮಾರಿದವರಿಗೆ ಬರೆದರೆ, ಬಿಡಿ ಭಾಗ ಇಲ್ಲ, ಹೊಸ ಸೆಟ್ ತಗೊಳ್ಳಿ ಎಂಬ ಉತ್ತರ. ಆಗ ಒಂದು ಸ್ಟಾರ್ ಕೊಡುವಷ್ಟು ಕೋಪ ಇತ್ತು. ಶಿರಸಿಯಲ್ಲಿ ತೋಟದ ಪಂಪ್‌ಸೆಟ್ ರಿಪೇರಿ ಮಾಡುವ ಅಂಗಡಿಗೆ ಹೋಗಿ ಹಳೆ ರಿಂಗ್ ತೋರಿಸಿದೆ. ಅವರು ಡ್ರಾಯರ್ ಎಳೆದು, ಬೆರಳಲ್ಲಿ ಕೆದಕಿ, ಅದೇ ಅಳತೆಯ ನಾಲ್ಕು ರಿಂಗ್ ಕೊಟ್ಟರು. ನಾಲ್ಕಕ್ಕೆ 40 ರೂಪಾಯಿ. ಹಾಕಿದ ಮೇಲೆ ಮುಳ್ಳು ಅರ್ಧ ಗಂಟೆ ಅಲ್ಲಾಡಲಿಲ್ಲ. ಕೋಪವೂ ಅರ್ಧ ಇಳಿಯಿತು.

ಹಾಗಾಗಿ ತಗೊಳ್ಳುವವರು ಮೊದಲು ಟೆಸ್ಟರನ್ನೇ ಸೋಪಿನ ನೊರೆಯಲ್ಲಿ ಪರೀಕ್ಷಿಸಿ, ಆಮೇಲೆ ಕಾರನ್ನು ಬೈಯಿರಿ. ಬಿಸಿ ಇಂಜಿನ್ನಿನ ಕ್ಯಾಪ್ ಮಾತ್ರ ಯಾವ ಅವಸರಕ್ಕೂ ತೆಗೆಯಬೇಡಿ. ಡಬ್ಬಿಯಲ್ಲಿರುವ ಅಡಾಪ್ಟರುಗಳಲ್ಲಿ ನನಗೆ ಬೇಕಾದದ್ದು ಒಂದೇ, ಪಕ್ಕದ ಮನೆಯ ಕಾರಿಗೆ ಒಂದೂ ಕೂರುವುದಿಲ್ಲ. ಗೇಜಿನ ಗಾಜಿನೊಳಗೆ ಮಳೆಗಾಲದಲ್ಲಿ ಮಂಜು ಕಟ್ಟುತ್ತದೆ. ಕಾರು ವರ್ಷಕ್ಕೊಮ್ಮೆ ಸರ್ವಿಸಿಗೆ ಬಿಟ್ಟು ಮರೆತುಬಿಡುವವರಿಗೆ ಇದು ಬೇಡ. ನನ್ನ ಹಾಗೆ ಹಳೆ ಕಾರು, ಬಿಗಿ ಬಜೆಟ್ಟು, ಘಟ್ಟದ ದಾರಿ, ಇಷ್ಟಿದ್ದರೆ ಮೂರೂವರೆ ಸ್ಟಾರಿಗೆ ಮೋಸವಿಲ್ಲ.

ಕಳೆದ ತಿಂಗಳು ಅಂಕೋಲಾದ ಭಾವ ಒಯ್ದಿದ್ದ, ಅವನ ಜೀಪಿನದ್ದೂ ನೀರು ಕಡಿಮೆಯಾಗುತ್ತಿತ್ತಂತೆ. ಡಬ್ಬಿಯ ಮುಚ್ಚಳದೊಳಗೆ ಉಳಿದ ಮೂರು ರಿಂಗುಗಳನ್ನು ಟೇಪ್ ಹಚ್ಚಿ ಅಂಟಿಸಿ ಕೊಟ್ಟಿದ್ದೆ. ಡಬ್ಬಿ ವಾಪಸ್ ಬಂದಿದೆ. ರಿಂಗ್ ಎರಡೇ ಇವೆ.